ಕವಡೆ

ಮುಹರಖ್‌ನ ಆರೋಗ್ಯ ಕೇಂದ್ರ, ಬೆಳಗಿನ ಏಳು.
ಮದುವೆಗೆ ಮುಂಚಿನ ಎರಡು ಕೊಳವೆ:
ಶೈಮಾ. ಜಾಸಿಮ್.
ರಕ್ತ ಇನ್ನೂ ಬೆಚ್ಚಗಿದೆ.

ಇಬ್ಬರಲ್ಲೂ ಅರ್ಧರ್ಧ ಕುಡುಗೋಲು.
ಯಾರಿಗೂ ಒಂದು ದಿನ ಮೈ ನೊಂದದ್ದಿಲ್ಲ.
ಖರ್ಜೂರದ ತೋಟದಲ್ಲಿ ಚಳಿಜ್ವರ ಹಬ್ಬಿದಾಗ
ಯಾವ ಮುತ್ತಜ್ಜನನ್ನು ಕಾದಿತ್ತೋ ಇದು,
ಕಾದ ಋಣಕ್ಕೆ ಕೂತೇಬಿಟ್ಟಿತು.

ನಾಲ್ಕರಲ್ಲೊಂದು, ಅಂತ ಬರೆಯುತ್ತೇನೆ.
ಮೂರು ಮಕ್ಕಳು ಪಾರಾದರೆ ನಾಲ್ಕನೆಯದಕ್ಕೆ ಅಂತಲ್ಲ;
ಪ್ರತಿ ಬಸಿರಿಗೂ
ಮತ್ತೆ ಮೊದಲಿನಿಂದ ಕವಡೆ.

ಗಾಜಿನಾಚೆ ಅವರು
ಒಂದೇ ಲೋಟದ ಕರಕ್ ಚಹಾ ಕುಡಿಯುತ್ತಿದ್ದಾರೆ.
ಅವಳು ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ.
ಅದೂ ಯಾರಿಂದಲೋ ಬಂದದ್ದೇ,
ಅದನ್ನು ಯಾರೂ ಪರೀಕ್ಷೆಗೆ ಕಳಿಸಲಿಲ್ಲ.

ಬಲಗೈಯಲ್ಲಿ ಉಣ್ಣಲು ಹೊಡೆದು ಕಲಿಸಿದ್ದರು ನನಗೆ.
ಮೊಹರು ಒತ್ತುವಾಗ ಮಾತ್ರ
ಎಡಗೈ ತಾನಾಗಿ ಏಳುತ್ತದೆ,
ನಾನು ಕಾಣದ ಸೋದರತ್ತೆಯದು.