ಇನ್ನೂ ನೂರೈವತ್ತು

ಹನ್ನೊಂದು ಆಟ. ಗೆದ್ದದ್ದು ಎರಡು.
ಅದರಲ್ಲೊಂದು, ಎದುರಾಳಿಯ ಕೈಜಾರಿ
ನಮ್ಮ ಮಡಿಲಿಗೆ ಬಿದ್ದದ್ದು.

‘ನಮ್ಮ’ ಎನ್ನುತ್ತೇನೆ.
ಬ್ಯಾಟು ಹಿಡಿದವಳಲ್ಲ ನಾನು,
ಹೆರನ್ಸ್ ತಂಡದ ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲ.
ನನ್ನದು ನಗರಸಭೆಯ ನೌಕರಿ:
ನದಿ ಈರಿ ಸರೋವರಕ್ಕೆ ಬಾಯ್ದೆರೆಯುವಲ್ಲಿ
ಹಡಗು ಬಂದರೆ ಸೇತುವೆ ಎತ್ತುವುದು,
ಹೋದರೆ ಇಳಿಸುವುದು.
ಆದರೂ ಬೆಳಗ್ಗೆ ಬ್ರೆಡ್ಡಿನಂಗಡಿಯ ಚೆಸ್ಲಾವ್
‘ನಿನ್ನೆ ಏನಾಯ್ತು?’ ಅಂದರೆ
‘ಸೋತೆವು’ ಅಂತಲೇ ಬಾಯಿಗೆ ಬರುವುದು.
ಗೆದ್ದ ಎರಡು ದಿನ
ಅವನು ಕೇಳಲೇ ಇಲ್ಲ.

ಗಾಜಿನ ಗೂಡು, ಮೇಜು, ಮೇಜಿನ ಮೇಲೆ ಎರಡು ಪುಸ್ತಕ.
ಒಂದು ಸರ್ಕಾರದ್ದು: ಹಡಗಿನ ಹೆಸರು, ಹೊತ್ತು,
ಗಾಳಿಯ ದಿಕ್ಕು, ಎಲ್ಲ ಶಾಯಿಯಲ್ಲಿ.
ಇನ್ನೊಂದು ನನ್ನದು, ಪೆನ್ಸಿಲಿನದು:
ಒಂಬತ್ತು ಸಾಲು, ಸಾಲಿಗೆ ಒಂಬತ್ತು ಮನೆ.
ಬೀಸಿ ಔಟಾದವನಿಗೆ ನೆಟ್ಟಗಿನ ಕೆ,
ಚೆಂಡು ನೋಡುತ್ತ ನಿಂತೇ ಔಟಾದವನಿಗೆ
ಹಿಂದುಮುಂದಾದ ಕೆ.
ಕಲಿಸಿದವಳು ಸೋದರತ್ತೆ ಯಾದ್ವಿಗಾ.
‘ಬೀಸಿ ಸೋತವನಿಗೂ ಬೀಸದೆ ಸೋತವನಿಗೂ
ಒಂದೇ ಗುರುತು ಹಾಕಬೇಡ ಹುಡುಗಿ.’
ಮೂರು ಮದುವೆಯಾದವಳು,
ತಿಳಿದೇ ಹೇಳಿರಬೇಕು.
ಈ ಏಪ್ರಿಲಿನಲ್ಲಿ ಪುಟದ ತುಂಬ ತಿರುಗಿದ ಕೆಗಳೇ,
ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಮಕ್ಕಳ ಹಾಗೆ.

ತಂಗಿ ಲುಡ್ಮಿಲಾ ಜುಲೈ ಭಕ್ತೆ,
ಬಿಸಿಲು ಬಂದಮೇಲೆ ತಂಡದ ಟೋಪಿ ಹುಡುಕುವವಳು.
ಫೋನಿನಲ್ಲಿ ಬೋಧನೆ:
‘ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತೆ, ಹಲೀನಾ.’
ಹಿಮವೇ ಕರಗಿಲ್ಲ,
ಮೊಳಕೆ ಎಲ್ಲಿಂದ ತರಲಿ, ಲುಡ್ಮಿಲಾ?

ಶಾರ್ಟ್‌ಸ್ಟಾಪಿಗೆ ಹೊಸ ಹುಡುಗ, ಅನಿಬಾಲ್ ರೋಸೆಂದೊ,
ಡೊಮಿನಿಕನ್ ಕರಾವಳಿಯವನು, ಇಪ್ಪತ್ತೊಂದು ವರ್ಷ.
ಮೊದಲ ದಿನ ಮೈದಾನದಲ್ಲಿ ಬಾಯಿ ತೆರೆದು
ನಾಲಿಗೆಯ ಮೇಲೆ ಹಿಮ ಹಿಡಿದನಂತೆ.
ಚೆಂಡು ಹಿಡಿಯಲಿಲ್ಲ.
ಮೂವತ್ತಮೂರು ಸಲ ಬ್ಯಾಟಿಗೆ ಬಂದು ಮೂರು ಸಲ ತಾಗಿಸಿದ್ದಾನೆ.
ರೇಡಿಯೋದವರು ಅವನ ಹೆಸರು ಬಂದಾಗಲೆಲ್ಲ
ಹವಾಮಾನದ ಮಾತೆತ್ತುತ್ತಾರೆ.

ಇವತ್ತು ಹನ್ನೆರಡನೆಯದು.
ಒಂಬತ್ತನೆಯ ಇನ್ನಿಂಗ್ಸ್. ನಾಲ್ಕಕ್ಕೆ ಮೂರು; ಮೂರು ನಮ್ಮದು.
ಇಬ್ಬರು ಔಟು, ಇಬ್ಬರು ಬೇಸಿನ ಮೇಲೆ,
ಬ್ಯಾಟು ತಟ್ಟುತ್ತ ಬಂದವನು ರೋಸೆಂದೊ.
ಸರಿಯಾಗಿ ಆಗಲೇ ಸರೋವರದ ಮಂಜಿನೊಳಗಿಂದ
ಒಂದು ಗುರು, ಒಂದು ಲಘು,
ಹಡಗಿನ ಕೂಗು.
ಅದೇ ಲಯದಲ್ಲಿ ನಾನೂ ಮರುಕೂಗಬೇಕು, ನಿಯಮ.
ಗಂಟೆ. ಅಡ್ಡಗಂಬ. ಕೆಂಪು ದೀಪ.
ಮೋಟಾರು ಎದ್ದಿತೋ
ರೇಡಿಯೋ ಬರೀ ಗೊರಗೊರ.

ಸೇತುವೆ ಎರಡು ಹೋಳಾಗಿ
ಔಟೆಂದು ಒಪ್ಪದ ಕೋಚಿನ ಕೈಗಳಂತೆ ಮೇಲೆದ್ದಿತು.
ಸುಣ್ಣಕಲ್ಲು ಹೊತ್ತ ಹಡಗು
ಊರಿಗೇ ಬಿಡುವಿದೆ ಎಂಬಷ್ಟು ನಿಧಾನವಾಗಿ ನುಸುಳಿತು.
ವೈರ್‌ಲೆಸ್ಸಿನಲ್ಲಿ ಕ್ಯಾಪ್ಟನ್ ಥಾರ್ವಾಲ್ಡ್:
‘ಸ್ಕೋರೆಷ್ಟು, ಹಲೀನಾ?’
‘ನೀವು ಬರುವ ತನಕ ಗೊತ್ತಿತ್ತು.’
ಅವನು ಕೆಮ್ಮಿದ. ಕ್ಷಮೆಯಿರಬೇಕು.

ಆಗ ಶುರುವಾಯಿತು ಕೆಳಗೆ, ಎರಡೂ ದಡದಲ್ಲಿ,
ನಿಂತ ಕಾರುಗಳ ಹಾರ್ನು.
ಒಂದು, ಎರಡು, ಆಮೇಲೆ ಎಲ್ಲ.
ಗೆಲುವಿನ ಗದ್ದಲವೋ
ಸೇತುವೆ ಎತ್ತಿದವಳಿಗೆ ಬೈಗುಳವೋ,
ಗಾಜಿನ ಈಚೆ ಎರಡೂ ಒಂದೇ ಸದ್ದು.
ಅಷ್ಟು ಹೊತ್ತು, ನಾಲ್ಕು ನಿಮಿಷವಿರಬಹುದು,
ನಾವು ಗೆದ್ದೂ ಇದ್ದೆವು, ಸೋತೂ ಇದ್ದೆವು,
ನನಗೆ ಇಳಿಸುವ ಆತುರವೇ ಇರಲಿಲ್ಲ.

ಇಳಿಸಿದೆ. ಮೊದಲು ದಾಟಿದ್ದು ಏಳನೇ ನಂಬರಿನ ಬಸ್ಸು.
ಚಾಲಕ ಡೆಲ್ರಾಯ್ ಕಿಟಕಿಯಿಂದ ತಲೆ ಹಾಕಿ
ಹೆಬ್ಬೆರಳು ನೆಲಕ್ಕೆ ತೋರಿಸಿದ.
‘ಬೀಸಿದನಾ?’ ಎಂದು ಕೂಗಿದೆ.
‘ಏಳು ಚೆಂಡು ಆಚೀಚೆ ಅಟ್ಟಿದ. ಎಂಟನೆಯದಕ್ಕೆ ಬೀಸಿದ,
ಟೋಪಿಯೇ ಹಾರಿಹೋಯ್ತಂತೆ!’

ನೆಟ್ಟಗಿನ ಕೆ.
ಒಂದು ನಿಂತ ಗೆರೆ, ಅದಕ್ಕೆ ಚಾಚಿದ ಕೈ, ಚಾಚಿದ ಕಾಲು.
ಬರೆದಾದ ಮೇಲೆ ನೋಡುತ್ತೇನೆ,
ಸರ್ಕಾರದ ಪುಸ್ತಕದಲ್ಲಿ ಬರೆದಿದ್ದೇನೆ,
ಗಾಳಿಯ ದಿಕ್ಕಿನ ಕಾಲಮ್ಮಿನಲ್ಲಿ.
ಅಳಿಸಲು ರಬ್ಬರು ಹುಡುಕಿದೆ.
ಪೆನ್ಸಿಲಿನದೇ, ಅಳಿಸಬಹುದಿತ್ತು.
ಮೇಲಧಿಕಾರಿ ಬರುವುದು ತಿಂಗಳ ಕೊನೆಗೆ,
ಅಷ್ಟರಲ್ಲಿ ಇನ್ನೂ ಎಷ್ಟೋ ಆಟ.