ದಿನಕ್ಕೆ ಏಳು ನಿಮಿಷ ಹಿಂದೆ

ಪುಣೆಯ ರವಿವಾರ ಪೇಠೆಯಲ್ಲಿ, ಹಳೇ ವಾಡೆಯೊಂದರ ಮೆಟ್ಟಿಲ ಕೆಳಗೆ
ನನ್ನ ಅಂಗಡಿ. ಮೊಣಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ.
ಮೂವತ್ತೊಂದು ವರ್ಷದಿಂದ ಎಡಗಣ್ಣಿಗೆ ಮಸೂರ ಕಚ್ಚಿಸಿಕೊಂಡು
ಕೂದಲಿಗಿಂತ ಸಣ್ಣ ಸ್ಪ್ರಿಂಗಿನ ಸೊಟ್ಟ ಹುಡುಕುತ್ತೇನೆ.
ಕಿವಿಗಿಟ್ಟರೆ ಸಾಕು,
ಎಲ್ಲಿ ಧೂಳು ಕೂತಿದೆ, ಎಲ್ಲಿ ಎಣ್ಣೆ ಆರಿದೆ, ಹೇಳಬಲ್ಲೆ.

ಮೊದಲು ಕಡಿಮೆಯಾದದ್ದು ಕಾಗದ.
ಬಿಚ್ಚಿದ ಗಾಲಿಗಳನ್ನು ಸುತ್ತಿಡುವ ತೆಳ್ಳನೆ ಬಿಳಿ ಕಾಗದ.
ಎರಡು ತಿಂಗಳು ಬರುತ್ತಿದ್ದ ಕಟ್ಟು ಎರಡೇ ವಾರಕ್ಕೆ ಮುಗಿಯಿತು.
ಇಲಿ ಇರಬೇಕು ಅಂದುಕೊಂಡೆ. ಬೋನು ತಂದಿಟ್ಟೆ.
ಒಂದು ಇಲಿ ಬಿತ್ತು ಕೂಡ.
ನನಗೆ ಅಷ್ಟು ಸಾಕಾಗಿತ್ತು.

ಆಮೇಲೆ ಕಣ್ಣಿಗೆ ಬಿಡುವ ಹನಿಯ ಪುಟ್ಟ ಬಾಟಲಿ.
ಪ್ಯಾಂಟು ಒಗೆಯುವಾಗ ಸಿಕ್ಕಿತು ಅಂತ ಸುಗಲಾ ತಂದು ತೋರಿಸಿದಳು.
"ಗಾಡಿ ಓಡಸ್ತಾನ, ಧೂಳು" ಅಂದೆ.
ಅವನನ್ನು ಯಾರೂ ಕೇಳುವ ಮೊದಲೇ ಅವನ ಉತ್ತರ ನಾನು ಕೊಟ್ಟಿದ್ದೆ.
ಕೋಣೆಯಿಂದ ಊದುಬತ್ತಿಯ ವಾಸನೆ,
ಇಷ್ಟಲಿಂಗವನ್ನು ಗೂಟಕ್ಕೆ ತೂಗುಹಾಕಿ ಮರೆತ ಹುಡುಗ!
ಅವಳಿಗೆ ಸಂತೋಷವೇ ಆಯಿತು, ಒಂದು ದಿನ.

ಶಿವಯೋಗಿ ಅಂತ ಹೆಸರಿಟ್ಟದ್ದು ನಮ್ಮಪ್ಪ.
ಟೇಕಡಿಯ ಮೇಲೆ ಕೂರುವ ಗೆಳೆಯರು
ಅದನ್ನೇ ಹಿಡಿದು ನಗಾಡುತ್ತಿದ್ದರಂತೆ:
ಹೆಸರಿಗೆ ತಕ್ಕ ಸೊಪ್ಪು.

ಈಜು ಬಿಟ್ಟ. ನೀರು ತಣ್ಣಗಿದೆ ಅಂದ, ಮೇ ತಿಂಗಳಲ್ಲಿ.
ರಾತ್ರಿ ಎರಡಕ್ಕೆ ಶೇಂಗಾಹಿಂಡಿ, ಬೆಲ್ಲ, ಹಸಿ ಅವಲಕ್ಕಿ,
ಕತ್ತಲಲ್ಲಿ ನಿಂತೇ ತಿನ್ನುತ್ತಿದ್ದ.
ಮಾತು ಶುರುಮಾಡಿ ನಡುವೆ ಕೈಬಿಟ್ಟು
ತನ್ನದಲ್ಲದ ಸ್ಟಾಪಿನಲ್ಲಿ ಇಳಿದವನ ಹಾಗೆ ಸುತ್ತ ನೋಡುತ್ತಿದ್ದ.
ಕೆಲವು ದಿನ ತಟ್ಟೆ ಸದ್ದಾದರೂ ಸಿಡಿಯುತ್ತಿದ್ದ,
ಊಟ ಬೇಡ, ನಿದ್ದೆಯಿಲ್ಲ, ಬೆಳಿಗ್ಗೆ ದಿಂಬೆಲ್ಲ ಬೆವರು.
ಅವು ಅವನಿಗೆ ಸಿಗದ ದಿನಗಳು.
ಅವನು ಸರಿಯಿಲ್ಲದ ದಿನ ಅವು, ಉಳಿದ ದಿನ ಸರಿಯಿದ್ದಾನೆ
ಅಂತ ನಾನು ತಿಳಿದಿದ್ದೆ.

ದಿನಕ್ಕೆ ಏಳು ನಿಮಿಷ ಹಿಂದೆ ಬೀಳುವ ಗಡಿಯಾರವನ್ನು
ಯಾರೂ ನನ್ನ ಬಳಿ ತರುವುದಿಲ್ಲ.
ಬೆಳಿಗ್ಗೆ ಎದ್ದು ಮುಳ್ಳು ಸರಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ.
ಪೂರಾ ನಿಂತ ಮೇಲೆ ಬರುತ್ತಾರೆ, ನಾನು ಬಯ್ಯುತ್ತೇನೆ:
ಇಷ್ಟು ದಿನ ಏನು ಮಾಡುತ್ತಿದ್ದಿರಿ?

ವರ್ಷವಿಡೀ ನಾನೂ ಮುಳ್ಳು ಸರಿಸಿದೆ.

ಪೆಂಡಸೆ ಅಜ್ಜಿ ತೀರಿಹೋದ ಗಂಡನ ಗಡಿಯಾರ ಕೇಳಿಕೊಂಡು ಬಂದ ದಿನ
ಡ್ರಾಯರಿನಲ್ಲಿ ಲಕೋಟೆ ಇತ್ತು.
ಮೇಲೆ ಅವರ ಹೆಸರು, ನನ್ನದೇ ಅಕ್ಷರ.
ಒಳಗೆ ಏನೂ ಇರಲಿಲ್ಲ.

ಆವತ್ತು ಮಸೂರ ತೆಗೆದಿಟ್ಟು ಅವನ ಎದುರು ಕೂತೆ.
"ಅಪ್ಪಾ, ಯಾವಾಗ ಬೇಕಾದ್ರೂ ನಿಲ್ಲಸ್ತೀನಿ ನಾ."
ಯಾವಾಗ ಬೇಕಾದರೂ ನಿಲ್ಲುವ ಗಡಿಯಾರಗಳನ್ನೇ
ಜನ ರಿಪೇರಿಗೆ ತರುವುದು, ಮಗನೇ,
ಅನ್ನಬೇಕೆಂದಿದ್ದೆ. ಮಾತು ತೀರಾ ಚೆನ್ನಾಗಿತ್ತು,
ಅದಕ್ಕೇ ಅನ್ನಲಿಲ್ಲ.
"ಎಷ್ಟು ಸಲ ನಿಲ್ಲಿಸಿದ್ದಿ?" ಅಂತಷ್ಟೇ ಕೇಳಿದೆ.
ಬೆರಳು ಮಡಚತೊಡಗಿದ. ಪರೀಕ್ಷೆಗೊಮ್ಮೆ,
ನಿನ್ನ ಆಪರೇಶನ್ನಿಗೊಮ್ಮೆ, ಗಣಪತಿ ಕೂರಿಸಿದಾಗ ಐದು ದಿನ...
ನಾಲ್ಕನೆಯ ಬೆರಳು ಮಡಚಲಿಲ್ಲ.
ಉದ್ದ ಬೆರಳು, ನನ್ನವೇ,
ಚಿಮುಟ ಹಿಡಿಯಲೆಂದೇ ಹುಟ್ಟಿದಂಥವು.

ಈಗ ಸಸೂನ್ ಆಸ್ಪತ್ರೆಯ ಬೆಂಚು. ಚೀಟಿಯ ನಂಬರು ನಲವತ್ತೆರಡು.
ಅವನ ಮೊಣಕಾಲು ಒಂದೇ ಸಮ ಕುಣಿಯುತ್ತಿದೆ,
ನಾನು ಎಣಿಸದಿರಲು ಪ್ರಯತ್ನಿಸುತ್ತಿದ್ದೇನೆ.
ಎದುರಿನ ಗೋಡೆ ನೋಡಿ, ನನ್ನ ಮಣಿಕಟ್ಟು ನೋಡಿ,
"ಆ ಗಡಿಯಾರ ನಾಕು ನಿಮಿಷ ಮುಂದೈತಿ" ಅಂದ.
ಹೌದು ಅಂದೆ.

ಪೆಂಡಸೆ ಅಜ್ಜಿ ಮಂಗಳವಾರ ಮತ್ತೆ ಬರುತ್ತಾರೆ.