ಎರಡು ಸಲ ಒತ್ತಿದ ಗುಂಡಿ

ತಾರ್ತು ಊರಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲು.
ಹಿಂದೆ ಚಮಚ ಮಾಡುತ್ತಿದ್ದ ಕಾರ್ಖಾನೆಯ ಮೂರನೇ ಮಹಡಿಯಲ್ಲಿ
ವಿರ್ವೆ ಕೂಸಿಕ್ ಒಂದು ಗುಂಡಿ ಮಾಡುತ್ತಿದ್ದಾಳೆ.
ಒಂದೇ ಒಂದು. ಆರು ವಾರದಿಂದ.

ಅದಕ್ಕೆ ಮುಂಚೆ ಕೂತು ಎಣಿಸಿದ್ದರು:
ಕಚೇರಿಗೊಂದು ಪರದೆ, ಪರದೆಗೊಂದು ಚಾಳಿ,
ಎಲ್ಲ ಸೇರಿ ನಲವತ್ತೊಂದು ಬಗೆಯ ಗುಂಡಿ,
ನಲವತ್ತೊಂದು ನೀಲಿ.
ಒಂದರ ಮೂಲೆ ಚೂಪು, ಒಂದರದು ಉರುಟು,
ಇನ್ನೊಂದಕ್ಕೆ ಒತ್ತಿದರೂ ಒತ್ತದಿದ್ದರೂ ಅದೇ ಮುಖ,
ಸಾಲ ಕೇಳಿದಾಗಿನ ನೆಂಟನ ಹಾಗೆ.
"ಒಂದು ಅಚ್ಚು ಮಾಡೋಣ, ಬೇಕಾದವರು ತಗೊಳ್ಳಲಿ" ಅಂದಳು ವಿರ್ವೆ.
ಉರ್ಮಾಸ್ ನಕ್ಕ: "ಗುಂಡಿಗೆ ಆರು ವಾರವೇ?
ಅಷ್ಟರಲ್ಲಿ ನಮ್ಮಪ್ಪ ದೋಣಿ ಕಟ್ಟಿ ಮೀನಿಗೆ ಹೋಗಿ ಬರುತ್ತಿದ್ದ."

ಕನ್ನಡದಲ್ಲಿ ಗುಂಡಿ ಅಂದರೆ
ಅಂಗಿಗೆ ಹೊಲಿಯುವುದೂ ಹೌದು, ನೆಲದಲ್ಲಿ ತೋಡುವುದೂ ಹೌದು.
ಅವಳಿಗೆ ಇದು ಗೊತ್ತಿಲ್ಲ. ಆದರೂ
ಅವಳು ಮಾಡುತ್ತಿದ್ದುದು ಎರಡೂ:
ನಡುವೆ ಒಂದು ಖಾಲಿ ತೋಡಿ
ಸುತ್ತ ಮಾತ್ರ ಗಟ್ಟಿಯಾಗಿ ಹೊಲಿದುಬಿಡುವುದು.
ಆ ಖಾಲಿಯಲ್ಲಿ ಯಾರು ಏನು ಬರೆಯುತ್ತಾರೋ, ಕೇಳುವಂತಿಲ್ಲ.
ಕಳಿಸು.
ಹದಿನೇಳು ಜೇನುಗೂಡು ಇವೆ, ದಾಖಲಿಸು.
ಮದುವೆ ನೋಂದಾಯಿಸು. ಮದುವೆ ಮುಗಿಸು.
ಎಲ್ಲದಕ್ಕೂ ಅದೇ ಅಂಚು, ಅದೇ ತೆಳು ನೆರಳು.

ಬೆರಳು ಬಂದರೆ ಕೂದಲೆಳೆಯಷ್ಟು ಗಾಢವಾಗಬೇಕು.
ಮೌಸ್ ಹಿಡಿಯಲಾಗದವರು ಕೀಲಿಮಣೆಯಿಂದ ನಡೆದು ಬಂದರೆ
ಸುತ್ತ ಒಂದು ಉಂಗುರ ಹೊಳೆದು ಇಲ್ಲಿದ್ದೀರಿ ಅನ್ನಬೇಕು.
ಕಣ್ಣಿಲ್ಲದವರಿಗೆ ತನ್ನ ಹೆಸರು ತಾನೇ ಹೇಳಬೇಕು,
ಒಂದೇ ಸಲ, ಬಡಾಯಿ ಇಲ್ಲದೆ.

ಜನವರಿಯಲ್ಲಿ ಹಿಯುಮಾ ದ್ವೀಪದಿಂದ ಕಾಗದ ಬಂತು.
ಎಂಡೆಲ್ ಪೀಲ್, ಬಲೆ ಹೆಣೆಯುವವ, ಎಂಬತ್ತೆರಡು:
"ಹೆಬ್ಬೆರಳು ಮರಗಟ್ಟಿದೆ, ನಡುಗುತ್ತದೆ.
ಒಂದು ಸಲ ಒತ್ತಿದ್ದು ಎರಡಾಯಿತು,
ಹಡಗಿಗೆ ಎರಡು ಟಿಕೆಟ್ ಬಂತು.
ದೂರು ಅಲ್ಲ ಇದು. ಎರಡನೇ ಸೀಟಿನಲ್ಲಿ ಟೋಪಿ ಕೂರಿಸಿದೆ.
ಕಿಟಕಿ ಪಕ್ಕದ್ದು ಅದಕ್ಕೇ ಬಿಟ್ಟುಕೊಟ್ಟೆ."

ವಿರ್ವೆ ಎರಡು ಸಲ ಓದಿದಳು.
ಮೂರು ಸಾಲು ಬರೆದಳು:
ಒಮ್ಮೆ ಒತ್ತಿದ ಮೇಲೆ ಗುಂಡಿ ನಿದ್ದೆ ಹೋಗಲಿ.
ಆ ರಾತ್ರಿಯೇ ನೂರ ಅರವತ್ತು ಪರದೆಗಳಲ್ಲಿ
ಒಂದು ಟೋಪಿಯ ಸಲುವಾಗಿ
ನೂರ ಅರವತ್ತು ಗುಂಡಿ ನಿದ್ದೆ ಕಲಿತವು.
ಯಾರಿಗೂ ತಿಳಿಯಲಿಲ್ಲ.

ಮಾರ್ಚಿನಲ್ಲಿ ತಿಳಿಯಿತು.
ವೋರು ಊರಿನ ಶಿಶುವಿಹಾರದ ಅರ್ಜಿ.
ಓಟ್‌ನ ಹೆಸರು ಬರೆದು ಒತ್ತಿದಳು ತಾಯಿ, ಸೇರಿತು.
ಉಕುವಿನದು ಬರೆದು ಒತ್ತಿದಳು.
ಗುಂಡಿ ಎಚ್ಚರಾಗಲಿಲ್ಲ.
ಒಂದೇ ಹೊಟ್ಟೆಯಿಂದ ಹತ್ತು ನಿಮಿಷ ಅಂತರದಲ್ಲಿ ಬಂದವರು,
ಒಬ್ಬನಿಗೆ ಜಾಗ, ಒಬ್ಬನಿಗೆ ಬಾಗಿಲು.
ಫೋನಿನಲ್ಲಿ ಆಕೆ ಕೂಗಾಡಲಿಲ್ಲ, ಕೇಳಿದಳಷ್ಟೇ:
"ನಿಮ್ಮ ಗುಂಡಿಗೆ ಅವಳಿ ಅಂದರೆ ಗೊತ್ತೇ?"

ಇಲ್ಲ. ಅದಕ್ಕೆ ಮುದುಕರೂ ಗೊತ್ತಿಲ್ಲ, ಟೋಪಿಯೂ.
ಅದಕ್ಕೆ ಗೊತ್ತಿರುವುದು ತನ್ನ ಅಂಚು ಮಾತ್ರ.

ಸಂಜೆಯ ತನಕ ಕೂತು ಇನ್ನೊಂದು ಖಾಲಿ ತೋಡಿದಳು,
ಚಿಕ್ಕದು, ಯಾರ ಕಣ್ಣಿಗೂ ಬೀಳದ್ದು:
ಕಡ ಒಯ್ಯುವವರು ಹೇಳಲಿ,
ಇಲ್ಲಿ ಮತ್ತೆ ಒತ್ತಬಹುದೋ ಇಲ್ಲವೋ.
ಏನೂ ಹೇಳದಿದ್ದರೆ ಮುದುಕನ ಬೆರಳೇ ನಿಯಮ.
ಉರ್ಮಾಸ್ ಈ ಸಲ ನಗಲಿಲ್ಲ, ಬಹಳ ಹೊತ್ತು ನೋಡಿದ.
"ಅಪ್ಪನ ದೋಣಿಯ ತಳದಲ್ಲೂ ಒಂದು ತೂತಿತ್ತು.
ಬೇಕೆಂದೇ ಕೊರೆದದ್ದು. ದಡಕ್ಕೆಳೆದಾಗ ನೀರು ಬಸಿಯಲಿಕ್ಕೆ.
ಅದರ ಬೆಣೆ ಸದಾ ಅವನ ಜೇಬಲ್ಲಿ."

ದೀಪ ಆರಿಸಿ ಹೊರಟಳು.
ಏಳನೇ ನಂಬರಿನ ಬಸ್ಸು, ಒದ್ದೆ ಕೈಗವಸು,
ನದಿ ದಾಟಿದ ಮೇಲೆ ಅವಳ ನಿಲ್ದಾಣ.
ಕಂಬದ ಮೇಲೆ ಕೆಂಪು ಗುಂಡಿ, ಯಾರೋ ಮಾಡಿದ್ದು,
ಸವೆದು ಅಕ್ಷರ ಹೋಗಿದೆ.
ಒತ್ತಿದಳು. ಮುಂದುಗಡೆ ದೀಪ ಹತ್ತಿತು,
ಬಸ್ಸು ನಿಲ್ಲುತ್ತದೆ ಅಂತ ಅವಳಿಗೆ ಗೊತ್ತು.

ಆದರೂ
ಇನ್ನೊಂದು ಸಲ ಒತ್ತಿದಳು.